ಗುಲ್ಮ ಎಂಬ ಸಸಿಮಡಿ

ನಮಸ್ಕಾರ. ಡೊಂಬಿವಲಿಯ ನನ್ನ ಮನೆಯಿಂದ ಮಾತನಾಡುತ್ತಿದ್ದೇನೆ. ಫೋರ್ಟಿನ ಹೋಟೆಲೊಂದರ ಗಲ್ಲಾಪೆಟ್ಟಿಗೆಯಲ್ಲಿ ಕೂರುತ್ತಿದ್ದ ನನ್ನ ಸೋದರಮಾವ ಹಲವು ವರ್ಷಗಳ ಹಿಂದೆ ಬೆಳಗಿನ ಲೋಕಲ್ ರೈಲಿನಿಂದ ಬಿದ್ದರು. ಎಡಪಕ್ಕೆಗೆ ಏಟು ಬಿದ್ದು ಗುಲ್ಮ, ಅಂದರೆ ರಕ್ತ ಸೋಸಿ ರೋಗಾಣುಗಳನ್ನು ಹಿಡಿಯುವ ಸ್ಪ್ಲೀನ್, ಒಡೆದಿತ್ತು. ಅದನ್ನು ತೆಗೆದ ವೈದ್ಯರು ಮಾವನ ಜೀವ ಉಳಿಸಿದರು. ಆ ಋಣ ನಮ್ಮ ಮೇಲಿದೆ. ಆದರೆ ಮನೆಗೆ ಕಳಿಸುವ ದಿನ ಅತ್ತೆಗೆ ಹೇಳಿದ್ದು ಒಂದೇ ಮಾತು: "ಗುಲ್ಮವಿಲ್ಲದೆಯೂ ಮನುಷ್ಯ ಬದುಕುತ್ತಾನೆ." ನ್ಯೂಮೊಕಾಕಸ್, ಮೆನಿಂಗೊಕಾಕಸ್ ಎಂಬ ರೋಗಾಣುಗಳ ವಿರುದ್ಧ ಲಸಿಕೆ ಹಾಕಿಸಬೇಕು, ಸಣ್ಣ ಜ್ವರ ಬಂದರೂ ತಡಮಾಡದೆ ವೈದ್ಯರ ಬಳಿ ಹೋಗಬೇಕು ಎಂಬುದನ್ನು ಯಾರೂ ಹೇಳಲಿಲ್ಲ.

ವೈದ್ಯರ ಆ ಮಾತು ಸುಳ್ಳಲ್ಲ. ಆದರೆ ಬದುಕಲು ಬೇಡದ ಅಂಗವೆಂದು ಗುಲ್ಮವನ್ನು ಬದಿಗೆ ಸರಿಸಿದವರು, ಜೀವಂತ ಕೋಶಗಳನ್ನು ದೇಹದಲ್ಲಿ ನೆಟ್ಟು ಬೆಳೆಸುವ ಕೋಶ ಕಸಿಯ ವಿಜ್ಞಾನ ಮೊಳೆತದ್ದೇ ಗುಲ್ಮದಲ್ಲಿ ಎಂಬುದನ್ನು ಮರೆತಿದ್ದಾರೆ ಎಂದು ನನಗನ್ನಿಸುತ್ತದೆ.

1949ರ ಸುಮಾರಿಗೆ ಶಿಕಾಗೊದಲ್ಲಿ ಲಿಯಾನ್ ಜೇಕಬ್‌ಸನ್ ಅವರು ಇಲಿಗಳ ಗುಲ್ಮಕ್ಕೆ ಮಾತ್ರ ಸೀಸದ ಮರೆ ಕಟ್ಟಿ, ಉಳಿದ ದೇಹಕ್ಕೆ ಮಾರಕ ಪ್ರಮಾಣದ ವಿಕಿರಣ ಕೊಟ್ಟರು. ಸಾಯಬೇಕಿದ್ದ ಇಲಿಗಳಲ್ಲಿ ಅನೇಕವು ಬದುಕಿದವು. ವಿಕಿರಣ ತಾಗದ ಗುಲ್ಮವೇ ಅವನ್ನು ಉಳಿಸಿತ್ತು. ಮುಂದೆ 1961ರಲ್ಲಿ ಟೊರಾಂಟೊದಲ್ಲಿ ಜೇಮ್ಸ್ ಟಿಲ್ ಮತ್ತು ಅರ್ನೆಸ್ಟ್ ಮೆಕಲಕ್ ಅವರು, ವಿಕಿರಣದಿಂದ ರಕ್ತ ಹುಟ್ಟಿಸುವ ಶಕ್ತಿ ಕಳೆದುಕೊಂಡ ಇಲಿಗಳ ರಕ್ತನಾಳಕ್ಕೆ ಮೂಳೆಯೊಳಗಿನ ಅಸ್ಥಿಮಜ್ಜೆಯ ಕೋಶಗಳನ್ನು ಸೇರಿಸಿ, ಸುಮಾರು ಹತ್ತು ದಿನಗಳ ನಂತರ ಗುಲ್ಮವನ್ನು ತೆಗೆದು ನೋಡಿದಾಗ, ಅದರ ಮೇಲೆ ಎಣಿಸಬಹುದಾದ ಗಂಟುಗಳು ಎದ್ದಿದ್ದವು. ಎಷ್ಟು ಹೆಚ್ಚು ಕೋಶ ಬಿತ್ತಿದರೋ ಅಷ್ಟು ಹೆಚ್ಚು ಗಂಟು. ಸರಿಸುಮಾರು ಹತ್ತು ಸಾವಿರ ಕೋಶಗಳಿಗೆ ಒಂದು. 1963ರಲ್ಲಿ ಅವರ ಜೊತೆಗಿದ್ದ ಆಂಡ್ರ್ಯೂ ಬೆಕರ್, ಒಂದು ಗಂಟಿನ ಕೋಶಗಳೆಲ್ಲ ಒಂದೇ ತಾಯಿಕೋಶದ ಸಂತಾನವೆಂಬುದನ್ನು ವರ್ಣತಂತುಗಳ ಗುರುತಿನಿಂದ ತೋರಿಸಿದರು. ಬೇರೆ ಬೇರೆ ಬಗೆಯ ಕೋಶಗಳಿಗೆ ಜನ್ಮ ಕೊಡುವ ಆಕರಕೋಶ, ಅಂದರೆ ಸ್ಟೆಮ್ ಸೆಲ್, ಊಹೆಯ ಹಂತ ದಾಟಿ ಲೆಕ್ಕಕ್ಕೆ ಸಿಕ್ಕಿದ್ದು ಹೀಗೆ. ನೇಜಿ ಏಳದಿದ್ದರೆ ಬೀಜದ ಸತ್ವ ತಿಳಿಯುವುದೆಂತು? ಆ ಪ್ರಯೋಗದಲ್ಲಿ ಗುಲ್ಮವೇ ಸಸಿಮಡಿಯಾಗಿತ್ತು. ಇಲಿಯ ಗುಲ್ಮ ಜೀವನವಿಡೀ ರಕ್ತ ಹುಟ್ಟಿಸುತ್ತದೆ, ಮನುಷ್ಯನದು ಮುಖ್ಯವಾಗಿ ಭ್ರೂಣಾವಸ್ಥೆಯಲ್ಲಿ ಎಂಬ ವ್ಯತ್ಯಾಸವನ್ನು ಇಲ್ಲಿ ಮರೆಯಬಾರದು. 1983ರಲ್ಲಿ ನಮ್ಮ ಪರೇಲಿನ ಟಾಟಾ ಸ್ಮಾರಕ ಆಸ್ಪತ್ರೆಯಲ್ಲಿ ನಡೆದ ಅಸ್ಥಿಮಜ್ಜೆಯ ಕಸಿಯ ಹಿಂದೆಯೂ ಆ ಇಲಿಗಳ ಋಣವಿದೆ.

ಇಂದಿನ ಪ್ರಶ್ನೆ ಬೇರೆ: ಗುಲ್ಮವನ್ನು ಕಸಿಯ ನೆಲವಾಗಿ ಬಳಸಬಹುದೇ? ಮಧುಮೇಹಿಗಳಿಗೆ ಇನ್ಸುಲಿನ್ ಸ್ರವಿಸುವ ಕೋಶಗುಚ್ಛಗಳನ್ನು ಕಸಿ ಮಾಡುವಾಗ, 2000ದಲ್ಲಿ ಕೆನಡಾದಲ್ಲಿ ರೂಪುಗೊಂಡ ಎಡ್ಮಂಟನ್ ವಿಧಾನದ ಮಾದರಿಯಲ್ಲಿ, ಅವನ್ನು ಯಕೃತ್ತಿಗೆ ಹೋಗುವ ಪೋರ್ಟಲ್ ಅಭಿಧಮನಿಗೆ ಬಿಡುತ್ತಾರೆ. ರಕ್ತ ಸೋಕಿದೊಡನೆ ಉರಿಯೂತವೆದ್ದು ಅವುಗಳಲ್ಲಿ ದೊಡ್ಡ ಪಾಲು ನಾಶವಾಗುತ್ತದೆ. ಗುಲ್ಮದಲ್ಲಿ ರಕ್ತ ಸಮೃದ್ಧ. ಅಲ್ಲಿಂದ ಹೊರಟ ರಕ್ತ ನೇರವಾಗಿ ಯಕೃತ್ತಿಗೇ ಹೋಗುವುದರಿಂದ ಇನ್ಸುಲಿನ್ ತನ್ನ ಸಹಜ ದಾರಿಯಲ್ಲೇ ಸಾಗುತ್ತದೆ. ಯಕೃತ್ ಕೋಶಗಳನ್ನೂ ಪ್ರಾಣಿಗಳ ಗುಲ್ಮಕ್ಕೆ ಚುಚ್ಚಿ ನೋಡಿದ್ದಾರೆ, ಕೆಲವೇ ರೋಗಿಗಳಲ್ಲಿ ಗುಲ್ಮದ ಅಪಧಮನಿಯ ಮೂಲಕವೂ ಕೊಟ್ಟಿದ್ದಾರೆ. ಆದರೆ ಗುಲ್ಮ ರೋಗನಿರೋಧಕ ಕೋಶಗಳ ದೊಡ್ಡ ನೆಲೆ. ಪರಕೀಯ ಕೋಶವನ್ನು ಗುರುತಿಸಿ ಹೊರದಬ್ಬುವುದು ಅದರ ಸ್ವಭಾವ. ಜೊತೆಗೆ, ಚುಚ್ಚಿದಾಗ ರಕ್ತಸ್ರಾವದ ಭಯ.

2020ರಲ್ಲಿ ಚೀನಾದ ಸಂಶೋಧಕರು ಇಲಿಯ ಗುಲ್ಮಕ್ಕೆ ಕ್ಯಾನ್ಸರ್ ಗಡ್ಡೆಯ ಸಾರ ಚುಚ್ಚಿ ಅದರ ರಚನೆಯನ್ನೇ ಬದಲಿಸಿ, ಯಕೃತ್ ಕೋಶಗಳನ್ನು ನೆಟ್ಟು ಬೆಳೆಸಿದರು. ಯಕೃತ್ತಿನ ಶೇ. 90 ಭಾಗ ತೆಗೆದ ಇಲಿಗಳು ಆ ಬದಲಿ ಅಂಗದ ಬಲದಿಂದ ಉಳಿದವು. ಸಾಧನೆ ಅಸಾಧಾರಣ. ಆದರೆ ಅವರ ವಾದ ನಿಂತಿರುವುದೂ ಗುಲ್ಮ ಅಷ್ಟೇನೂ ಅಗತ್ಯವಿಲ್ಲದ ಅಂಗವೆಂಬ ಅದೇ ನೆಲೆಯ ಮೇಲೆ, ಮತ್ತು ಅಲ್ಲಿಯೇ ನನ್ನ ತಕರಾರು. ಅಂಗವನ್ನು ಬದಲಿಸಿ ಬಳಸುವುದಾದರೆ ಅದರ ಮೂಲ ಕೆಲಸ ಎಷ್ಟು ಉಳಿಯಿತು, ನ್ಯೂಮೊಕಾಕಸ್ ತಗುಲಿದರೆ ದೇಹ ಹೇಗೆ ಎದುರಿಸುತ್ತದೆ ಎಂಬುದನ್ನೂ ಅಳೆದು ಹೇಳಬೇಕು.

ಆತುರಕ್ಕೂ ಕಡಿವಾಣ ಬೇಕು. 2003ರಲ್ಲಿ ಅಮೆರಿಕದ ಸಂಶೋಧಕಿ ಡೆನಿಸ್ ಫೌಸ್ಟ್‌ಮನ್ ಅವರ ತಂಡ, ಗುಲ್ಮದ ಕೋಶಗಳಿಂದ ಮಧುಮೇಹಿ ಇಲಿಗಳಲ್ಲಿ ಇನ್ಸುಲಿನ್ ಕೋಶಗಳು ಮರಳಿ ಹುಟ್ಟಿದವೆಂದು ವರದಿ ಮಾಡಿತು. 2006ರಲ್ಲಿ ಮೂರು ಪ್ರಯೋಗಾಲಯಗಳು ಪರೀಕ್ಷಿಸಿದಾಗ ಕೆಲವು ಇಲಿಗಳು ಗುಣವಾದದ್ದು ನಿಜವೇ ಆಗಿತ್ತು. ಆದರೆ ಗುಲ್ಮದ ಕೋಶಗಳೇ ಇನ್ಸುಲಿನ್ ಕೋಶಗಳಾದವು ಎಂಬುದಕ್ಕೆ ಆಧಾರ ಸಿಗಲಿಲ್ಲ.

ಮಾವನಂತೆ ಗುಲ್ಮ ಕಳೆದುಕೊಂಡವರು ನಿಮ್ಮಲ್ಲಿದ್ದರೆ, ಯಾವ ಲಸಿಕೆ ಯಾವಾಗ ಎಂದು ವೈದ್ಯರಿಂದ ಬರೆಸಿಕೊಳ್ಳಿ. ಗಾಯ ಸಣ್ಣದಾಗಿದ್ದು ರೋಗಿ ಸ್ಥಿರವಾಗಿದ್ದರೆ ಗುಲ್ಮವನ್ನು ಉಳಿಸಿಕೊಂಡೇ ನಿಗಾ ಇಡುವ ಪದ್ಧತಿ ಈಗ ಶಸ್ತ್ರಚಿಕಿತ್ಸಕರಲ್ಲಿದೆ. ಅದು ಸಾಧ್ಯವೇ ಎಂದು ಕೇಳಲು ಹಿಂಜರಿಯಬೇಡಿ.