ಆಲ್ತಾರ್ ಮುಂದೆ ಬಂತು, ಹಿಂದಿನದನ್ನು ಯಾಕೆ ಕೆಡವಿದಿರಿ?

ಎಲ್ಲರಿಗೂ ನಮಸ್ಕಾರ.

ಹೋದ ತಿಂಗಳು ಒಂದು ಹಳೆಯ ಇಗರ್ಜಿಗೆ, ಅಂದರೆ ಚರ್ಚಿಗೆ, ಹೋಗಿದ್ದೆ. ಊರಿನ ಹೆಸರು ಬೇಡ. ಆಲ್ತಾರಿನ, ಅಂದರೆ ಪೂಜೆ ಮಾಡುವ ಮೇಜಿನ, ಹಿಂದಿದ್ದ ಮರದ ಕೆತ್ತನೆಯ ಗೋಡೆ ಕಾಣಲಿಲ್ಲ. ಅಲ್ಲಿ ಗ್ರಾನೈಟ್ ಹೊಳೆಯುತ್ತಿತ್ತು. ಕೇಳಿದರೆ, "ಗೆದ್ದಲು ಹಿಡಿದಿತ್ತು ಸರ್. ಈಗ ಫಾದರ್ ಜನರ ಕಡೆ ಮುಖ ಮಾಡಿ ಪೂಜೆ ಮಾಡ್ತಾರಲ್ಲ, ಹಿಂದೆ ಅದೆಲ್ಲ ಯಾಕೆ?" ಅಂದರು. ಹಿತ್ತಲ ಶೆಡ್ಡಿನಲ್ಲಿ ಎರಡು ಕಂಬ ಸಿಕ್ಕವು. ಮೈತುಂಬ ದ್ರಾಕ್ಷಿ ಬಳ್ಳಿ, ಚಿನ್ನದ ರೇಕು ಇನ್ನೂ ಇದೆ. ಗೆದ್ದಲು ತಿಂದದ್ದು ಬುಡದಲ್ಲಿ ಒಂದು ಗೇಣು ಮಾತ್ರ. ಆ ರಾತ್ರಿ ನನಗೆ ನಿದ್ದೆ ಬರಲಿಲ್ಲ.

ಆಲ್ತಾರಿನ ಹಿಂದಿನ ಈ ಕೆತ್ತನೆಯ ಗೋಡೆಗೆ ಇಂಗ್ಲಿಷಿನಲ್ಲಿ ರೆರೆಡಾಸ್ ಅನ್ನುತ್ತಾರೆ. ನಮ್ಮ ಮನೆಗಳಲ್ಲಿ ಎಲ್ಲವೂ ಸೇರಿ ಆಲ್ತಾರ್, ಅಷ್ಟೇ. ದೇವರ ಮೂರ್ತಿಯ ಹಿಂದೆ ಪ್ರಭಾವಳಿ ಇರುತ್ತದಲ್ಲ, ಹಾಗೆ ಅಂತ ನಾನು ಮಕ್ಕಳಿಗೆ ಹೇಳುತ್ತೇನೆ. ಆದರೆ ಇದು ಬರೀ ಅಲಂಕಾರ ಅಲ್ಲ, ಓದುವಂಥದ್ದು. ಅದನ್ನು ನನಗೆ ತೋರಿಸಿಕೊಟ್ಟವಳು ನನ್ನ ಅಜ್ಜಿ.

ನನಗಾಗ ಹತ್ತು ವರ್ಷ. ಹಳೇ ಗೋವಾದ ಬಾಮ್ ಜೀಸಸ್ ಬೆಸಿಲಿಕಾ. ಜೊತೆಗೆ ಬಂದವರೆಲ್ಲ ಸಂತ ಫ್ರಾನ್ಸಿಸ್ ಕ್ಸೇವಿಯರ್ ಅವರ ದೇಹವಿರುವ ಪೆಟ್ಟಿಗೆಯ ಕಡೆ ಓಡಿದರು. ಅಜ್ಜಿ ಮಾತ್ರ ನಡುವೆ ನಿಂತಳು. "ಇಗರ್ಜಿ ಬಾಲಯೇಸುವಿನದು ಅಂತಾರೆ. ಬಾಲಯೇಸು ಎಲ್ಲಿ ಮಗಾ?" ನನಗೆ ಕಂಡದ್ದು ಜೆಸುಯಿಟ್ ಪಾದ್ರಿಗಳ ಸಂಘ ಕಟ್ಟಿದ ಸಂತ ಇಗ್ನೇಷಿಯಸ್ ಲೊಯೋಲಾ ಅವರ ದೊಡ್ಡ ಪ್ರತಿಮೆ. ಹುಡುಕಿದಳು, ಹುಡುಕಿದಳು. ಆ ದೊಡ್ಡ ಪ್ರತಿಮೆಯ ಕೆಳಗೆ ಪುಟ್ಟ ಮಗು! "ಇಲ್ಲಿದ್ದಾನೆ, ಇಲ್ಲಿಂದ ಶುರು" ಅಂದಳು. ಆಮೇಲೆ ಇಗ್ನೇಷಿಯಸ್ ಎತ್ತ ನೋಡುತ್ತಿದ್ದಾರೆ ಅಂತ ನೋಡಿದಳು. ಅವರ ಕಣ್ಣು ಮೇಲಕ್ಕೆ. ಅಲ್ಲಿ ಚಿನ್ನದ ಕಿರಣಗಳ ಸೂರ್ಯ, ಅದರೊಳಗೆ ಯೇಸುವಿನ ಹೆಸರಿನ ಮೂರು ಅಕ್ಷರ. ಅದರ ಮೇಲೆ ತ್ರಿತ್ವ: ಪಿತ, ಸುತ, ಪವಿತ್ರಾತ್ಮ. "ಕತ್ತು ನೋಯ್ತದೆ ಅಜ್ಜಿ" ಅಂದೆ. "ನೋಯಲಿ, ನೋಡು" ಅಂದಳು. ಅಜ್ಜಿಗೆ ಅಕ್ಷರ ಬರುತ್ತಿರಲಿಲ್ಲ. ಆದರೂ ಬುಡದಿಂದ ತುದಿಯವರೆಗೆ ಎಲ್ಲ ಓದಿದಳು.

ಆ ಬಾಮ್ ಜೀಸಸ್ ಇಗರ್ಜಿಯಲ್ಲಿ ಈಗ ಪೂಜೆ ನಡೆಯುವುದು ಮುಂದಿನ ಮೇಜಿನ ಮೇಲೆ. ಹಿಂದಿನದು ಹಾಗೇ ಇದೆ. ಯಾರಿಗಾದರೂ ಅಡ್ಡಿಯಾಯಿತೇ?

ಕೆಡವಿದವರು ಎರಡನೇ ವ್ಯಾಟಿಕನ್ ಮಹಾಸಭೆಯ, ಅಂದರೆ ಜಗತ್ತಿನ ಕ್ಯಾಥೊಲಿಕ್ ಬಿಷಪರು ಸೇರಿದ ಸಭೆಯ, ಹೆಸರು ಹೇಳುತ್ತಾರೆ. ಆರಾಧನೆಯ ಬಗ್ಗೆ ಆ ಸಭೆಯ ದಾಖಲೆ ಹೊರಬಂದದ್ದು 1963ರ ಡಿಸೆಂಬರ್ 4ರಂದು. ಅದರ 126ನೇ ಕಲಮು ಓದಿ. ಬೆಲೆಬಾಳುವ ಪವಿತ್ರ ವಸ್ತುಗಳು ಕೈಬಿಟ್ಟು ಹೋಗದಂತೆ ಬಿಷಪರು ಜಾಗ್ರತೆಯಿಂದ ನೋಡಿಕೊಳ್ಳಬೇಕು ಅಂತ ಅಲ್ಲಿದೆ. ಅವು ದೇವರ ಮನೆಯ ಆಭರಣ ಅಂತಲೂ ಇದೆ. ಮುಖ್ಯ ಆಲ್ತಾರ್ ಗೋಡೆ ಬಿಟ್ಟು ಈಚೆ ಇದ್ದರೆ ಒಳ್ಳೆಯದು ಅಂತ 1964ರಲ್ಲಿ ಸೂಚನೆ ಬಂತು, ನಿಜ. ಮೇಜು ಮುಂದೆ ಬರಲಿ. ಹಿಂದಿನದನ್ನು ಒಡೆಯಿರಿ ಅಂತ ಎಲ್ಲಿದೆ?

ಇಂಥ ಚಿನ್ನದ ರೇಕಿನ ಕೆತ್ತನೆ ಕೆಲಸ ಸುಮ್ನೆ ಆಗುವಂಥದ್ದಲ್ಲ. ಮರ ಕೆತ್ತಬೇಕು. ಸೀಮೆಸುಣ್ಣದ ಪುಡಿ, ಅಂಟು ಕಲಸಿ ಬಿಳಿ ಲೇಪ ಕೊಡಬೇಕು. ಅದರ ಮೇಲೆ ಕೆಂಪು ಜೇಡಿ, ಆಮೇಲೆ ರೇಕು, ಆಮೇಲೆ ನಯವಾದ ಕಲ್ಲಿನಿಂದ ತಿಕ್ಕಿ ಹೊಳಪು. ನಮ್ಮ ಮೈಸೂರು ಚಿತ್ರಗಳಲ್ಲಿ ಉಬ್ಬು ಕೆಲಸದ ಮೇಲೆ ರೇಕು ಕೂರಿಸುವವರಿಗೆ ಇದರ ಕಷ್ಟ ಗೊತ್ತು. ಗೋವಾದಲ್ಲಿ ಕೆತ್ತಿದ ಕೈಗಳು ಹೆಚ್ಚಾಗಿ ಈ ಮಣ್ಣಿನವೇ. ಅಲ್ಲಿನ ಕೆಲವು ಪ್ರವಚನ ಪೀಠಗಳ ಬುಡದಲ್ಲಿ ನಾಗಕನ್ನಿಕೆಯಂಥ ಹೆಂಗಸರಿದ್ದಾರೆ. ನೋಡಿದರೆ ಖುಷಿಯಾಗುತ್ತದೆ, ಅಲ್ವಾ?

ಚೀಟಿ ಬಂತು, ಐದೇ ನಿಮಿಷ ಅಂತೆ. ಹಳೇ ಗೋವಾದ ಇನ್ನೊಂದು ದೊಡ್ಡ ಇಗರ್ಜಿ ಸೇ ಕೆಥೆಡ್ರಲ್ ಬಗ್ಗೆ ಜಾಸ್ತಿ ಹೇಳಬೇಕೆಂದಿದ್ದೆ. ಬಿಜಾಪುರದ ಸುಲ್ತಾನರಿಂದ ಪೋರ್ಚುಗೀಸರು ಗೋವಾ ಗೆದ್ದದ್ದು 1510ರ ನವೆಂಬರ್ 25, ಸಂತ ಕ್ಯಾಥರೀನಳ ಹಬ್ಬದ ದಿನ. ಆ ಕೆಥೆಡ್ರಲ್ಲಿನ ಆಲ್ತಾರಿನ ಹಿಂದಿನ ಫಲಕಗಳಲ್ಲಿ ಅವಳದೇ ಕಥೆ. ಮಂಗಳೂರಿನ ಅಲೋಶಿಯಸ್ ಚಾಪೆಲ್‌ನಲ್ಲಿ ಇಟಲಿಯ ಕಲಾವಿದ ಮೊಸ್ಕೆನಿ ಬಿಡಿಸಿದ ಚಿತ್ರಗಳನ್ನು ನೀವೆಲ್ಲ ನೋಡಿದ್ದೀರಿ, ಬಿಡುತ್ತೇನೆ.

ಗೆದ್ದಲಿನ ಮಾತು ಮಾತ್ರ ಹೇಳಿಬಿಡುತ್ತೇನೆ. ಕೊಳೆತ ಭಾಗವನ್ನಷ್ಟೇ ಕತ್ತರಿಸಿ ಹೊಸ ಮರ ಬೆಸೆಯಬಹುದು. ಗೋಡೆಗೂ ಮರಕ್ಕೂ ನಡುವೆ ಗಾಳಿ ಆಡಲಿ. ಹಳೆಯ ರೇಕಿನ ಮೇಲೆ ಚಿನ್ನದ ಬಣ್ಣದ ಪೇಂಟ್ ಬಳಿಯಬೇಡಿ, ದಯವಿಟ್ಟು.

ಶೆಡ್ಡಿನಲ್ಲಿದ್ದ ಆ ಎರಡು ಕಂಬಗಳನ್ನು ಒಳಗೆ ತಂದು ನಿಲ್ಲಿಸುವ ಬಗ್ಗೆ ಆ ಊರಿನ ಇಗರ್ಜಿಯ ಸಮಿತಿ ಬರುವ ಭಾನುವಾರ ಪೂಜೆ ಮುಗಿದ ಮೇಲೆ ಕೂರುತ್ತದೆ. ಒಬ್ಬ ಬಡಗಿಯನ್ನು ಕರೆದುಕೊಂಡು ಹೋಗುತ್ತಿದ್ದೇನೆ. ಕಾರಿನಲ್ಲಿ ಇನ್ನೂ ಮೂರು ಜನಕ್ಕೆ ಜಾಗ ಇದೆ.