ಮಕ್ಕಳು ಎಷ್ಟು ಬರಬಹುದು?

ಕೇಳುಗರಿಗೆ ನಮಸ್ಕಾರ.

ನಾನು ಹುಟ್ಟುಹಬ್ಬದ ಮನೆಗಳಲ್ಲಿ ಮಕ್ಕಳಿಗೆ ಮ್ಯಾಜಿಕ್ ಮಾಡಿ ತೋರಿಸುತ್ತೇನೆ. ಉದ್ದ ಬಲೂನು ಊದಿ ನಾಯಿ, ಜಿರಾಫೆ ಮಾಡಿಕೊಡುತ್ತೇನೆ. ಮಡಿಕೇರಿ, ಸೋಮವಾರಪೇಟೆ, ಗೋಣಿಕೊಪ್ಪ, ಕರೆದ ಕಡೆಗೆಲ್ಲ ಹೋಗುತ್ತೇನೆ. ಫೋನ್ ಬಂದ ಕೂಡಲೇ ಕೇಳುವುದು, ಮಕ್ಕಳು ಎಷ್ಟು? "ಜಾಸ್ತಿ ಇಲ್ಲ, ಒಂದು ಹತ್ತು ಹದಿನೈದು" ಅನ್ನುತ್ತಾರೆ. ಅವರು ಸುಳ್ಳು ಹೇಳುವುದಿಲ್ಲ, ಕರೆದದ್ದು ಅಷ್ಟೇ ಮಂದಿಯನ್ನು. ಆದರೆ ನಮ್ಮಲ್ಲಿ ಕರೆದವರ ಲೆಕ್ಕ ಬೇರೆ, ಬರುವವರ ಲೆಕ್ಕ ಬೇರೆ ಅಲ್ವಾ?

ಅದಕ್ಕೇ ಈಗ ಇನ್ನೂ ಎರಡು ಮಾತು ಕೇಳುತ್ತೇನೆ. ಲೈನ್ ಮನೆ, ಅಂದರೆ ತೋಟದ ಕೆಲಸಗಾರರ ಸಾಲುಮನೆ, ಹತ್ತಿರ ಇದೆಯಾ? ಕಾಫಿ ಕುಯ್ಲು ನಡೀತಿದೆಯಾ?

ಇದನ್ನು ಕಲಿಸಿದ್ದು ಕೊಡಗಿನ ಸಿದ್ದಾಪುರದ ಕಡೆಯ ಒಂದು ತೋಟ. ಜನವರಿ ತಿಂಗಳು, ರೊಬಸ್ಟಾ ಕುಯ್ಲು ಶುರುವಾಗಿತ್ತು. ಕಣದ ತುಂಬ ಕಾಫಿ ಒಣಗುತ್ತಿತ್ತು. ಮನೆಯವರು 15 ಮಕ್ಕಳು ಅಂದಿದ್ದರು. ನಾನು ಪೆಟ್ಟಿಗೆ ಬಿಚ್ಚುವಾಗ ಲೈನಿನ ಇಬ್ಬರು ಹುಡುಗರು ಬಂದು ಕಣದ ಅಂಚಿನಲ್ಲಿ ಕೂತರು. ಆಮೇಲೆ ನಾಲ್ವರು ಬಂದರು. ಸೊಂಟದ ಮೇಲೆ ತಮ್ಮನನ್ನು ಹೊತ್ತ ಒಬ್ಬಳು ಹುಡುಗಿ ಬಂದಳು. ಕಾಲು ಗಂಟೆ ಕಳೆಯುವಷ್ಟರಲ್ಲಿ 60 ಮಕ್ಕಳಾದರು.

ಬಲೂನಿನ ಒಂದು ನಾಯಿಗೆ ಎರಡು ನಿಮಿಷ ಬೇಕು. 15 ಮಕ್ಕಳಿಗೆ ಅರ್ಧ ಗಂಟೆ, 60 ಮಕ್ಕಳಿಗೆ ಎರಡು ಗಂಟೆ. ನನ್ನ ಹತ್ತಿರ ಇದ್ದದ್ದೇ 25 ಬಲೂನು. ಇದಕ್ಕೂ ಮುಂಚೆ ಬೇರೊಂದು ಕಡೆ, ಇರುವಷ್ಟು ಕೊಡೋಣ ಅಂತ ಹಂಚಲು ಶುರುಮಾಡಿ, ನಡುವೆ ಮುಗಿದುಹೋಗಿತ್ತು. ಕೊನೆಯ ಸಾಲಿನಲ್ಲಿ ಒಬ್ಬ ಹುಡುಗ ಚಾಚಿದ ಕೈಯನ್ನು ಹಾಗೇ ಇಟ್ಟುಕೊಂಡು ನಿಂತಿದ್ದ. ಅತ್ತಿದ್ದರೂ ಇಷ್ಟು ನೋವಾಗುತ್ತಿರಲಿಲ್ಲ. ಅವನು ಸುಮ್ನೆ ಕೈ ಇಳಿಸಿದ. ಆವತ್ತಿನಿಂದ ಎಲ್ಲರಿಗೂ ಸಾಲದ ವಸ್ತುವನ್ನು ನಾನು ಪೆಟ್ಟಿಗೆಯಿಂದ ಹೊರಗೆ ತೆಗೆಯುವುದಿಲ್ಲ. ಹುಟ್ಟುಹಬ್ಬದ ಮಗುವಿಗೂ ಕೊಡುವುದಿಲ್ಲ. ಕೆಲವು ತಾಯಂದಿರಿಗೆ ಬೇಜಾರಾಗುತ್ತದೆ, ಆದರೂ ಕೊಡುವುದಿಲ್ಲ.

ಸಿದ್ದಾಪುರದಲ್ಲಿ ಬಲೂನು ಪೆಟ್ಟಿಗೆಯಲ್ಲೇ ಉಳಿಯಿತು. ಮನೆಯವರ ಹತ್ತಿರ ಎರಡು ಟಾರ್ಪಾಲು ಕೇಳಿ ಹಾಸಿದೆ. ಚಿಕ್ಕವರು ಮುಂದೆ, ದೊಡ್ಡವರು ಹಿಂದೆ. ನನ್ನ ಬೆನ್ನಿಗೆ ಗೋಡೆ. ಮ್ಯಾಜಿಕ್ ಮಾಡುವವನ ಹಿಂದೆ ಮಕ್ಕಳು ನಿಂತರೆ ಗುಟ್ಟು ಅಲ್ಲಿಗೆ ಮುಗಿಯಿತು. ನಾಣ್ಯ, ಇಸ್ಪೀಟು ಎಲ್ಲ ಒಳಗೆ ಹೋಯಿತು. ಅಂಗೈಯಲ್ಲಿರುವ ನಾಣ್ಯ ಮುಂದೆ ಕೂತ ಹತ್ತು ಮಂದಿಗೆ ಕಾಣುತ್ತದೆ, ಮಿಕ್ಕವರಿಗೆ ನನ್ನ ಮೊಣಕೈ ಮಾತ್ರ. ಜಗಲಿಯ ಮೆಟ್ಟಿಲು ಹತ್ತಿ ನಿಂತು, ಹಗ್ಗದ ಆಟ ಮಾಡಿದೆ. ತಲೆಗಿಂತ ಮೇಲೆ ಕೈ ಎತ್ತಿಯೇ ಮಾಡಿದೆ.

ಮಾತು ಕೂಡ ಕಡಿಮೆ ಮಾಡಬೇಕಾಯಿತು. ಆ ಮಕ್ಕಳಲ್ಲಿ ಎರವ ಬುಡಕಟ್ಟಿನ ನುಡಿ ಮಾತಾಡುವವರಿದ್ದರು, ತಮಿಳು ಮಾತಾಡುವವರಿದ್ದರು. ಕೆಲಸಕ್ಕೆಂದು ಅಸ್ಸಾಮಿನಿಂದ ಬಂದವರ ಮಕ್ಕಳೂ ಇದ್ದರು. ನಾನು ಕನ್ನಡದಲ್ಲಿ ಎಷ್ಟು ತಮಾಷೆ ಮಾಡಿದರೂ ಅರ್ಧ ಟಾರ್ಪಾಲು ನಗುವುದಿಲ್ಲ. ಕೊನೆಗೆ ಮನೆಯವರಿಂದ ಹಳೇ ಪೇಪರು ತರಿಸಿದೆ. ನಾಲ್ಕೈದು ಹಾಳೆಗಳನ್ನು ಒಂದಕ್ಕೊಂದು ಸೇರಿಸಿ ಕೊಳವೆ ಥರ ಸುತ್ತಬೇಕು. ಮೇಲಿನಿಂದ ಅರ್ಧದವರೆಗೆ ನಾಲ್ಕು ಕಡೆ ಹರಿಯಬೇಕು. ಹರಿದ ಪಟ್ಟಿಗಳನ್ನು ಹೊರಗೆ ಬಾಗಿಸಿ, ಒಳಗಿನ ಸುರುಳಿಯನ್ನು ಹಿಡಿದು ಮೆಲ್ಲಗೆ ಮೇಲಕ್ಕೆ ಎಳೆದರೆ ಮರ ಬೆಳೆಯುತ್ತದೆ! ನನ್ನ ತಲೆ ದಾಟಿ ಹೋಯಿತು. ಹಿಂದಿನಿಂದ ಯಾರೋ "ಸಿಲ್ವರ್" ಅಂತ ಕೂಗಿದರು. ತೋಟದ ಮಕ್ಕಳಲ್ವಾ, ನೆಟ್ಟಗೆ ಬೆಳೆಯುವ ಮರ ಅಂದರೆ ಅವರಿಗೆ ಸಿಲ್ವರ್ ಓಕೇ. 60 ಬಾಯಿ ಒಟ್ಟಿಗೆ "ಸಿಲ್ವರ್, ಸಿಲ್ವರ್" ಅಂದವು.

ಹಣದ ವಿಷಯ ಒಂದೇ ಮಾತಿನಲ್ಲಿ ಹೇಳಿಬಿಡುತ್ತೇನೆ. ತಲೆ ಲೆಕ್ಕದಲ್ಲಿ ದರ ಮಾತಾಡಬೇಡಿ, ಗಂಟೆ ಲೆಕ್ಕದಲ್ಲಿ ಮಾತಾಡಿ. ತಲೆಗಿಷ್ಟು ಅಂದರೆ ಯಾರಾದರೂ ಗೇಟಿನಲ್ಲಿ ನಿಂತು ಮಕ್ಕಳನ್ನು ಎಣಿಸಬೇಕಾಗುತ್ತದೆ.

ಜನ ಜಾಸ್ತಿಯಾದರೆ ದಾರಿ ಇದೆ. ಕಡಿಮೆಯಾದರೆ ಇನ್ನೂ ಕಷ್ಟ. ಭಾಗಮಂಡಲದ ದಾರಿಯಲ್ಲಿ ಒಂದು ಮನೆ. ಹುಟ್ಟುಹಬ್ಬ ಬಿದ್ದದ್ದು ಆಗಸ್ಟ್ 3ಕ್ಕೆ, ಕಕ್ಕಡ 18ರ ದಿನ. ಕಕ್ಕಡ ಅಂದರೆ ಕೊಡವರ ಮಳೆಗಾಲದ ತಿಂಗಳು, ಅದರ 18ನೇ ದಿನ ಮದ್ದು ಸೊಪ್ಪಿನ ಅಡುಗೆ ಮಾಡುತ್ತಾರೆ. ಆ ಮಳೆ ಹೇಗಿರುತ್ತದೆ ಅಂತ ನಿಮಗೆ ಹೇಳಬೇಕಾಗಿಲ್ಲ. ಕೇಕಿಗೆ 30 ಮಕ್ಕಳ ಲೆಕ್ಕ ಹಾಕಿದ್ದರು. ನಾನು ದಾಟಿದ ಮೇಲೆ ರಸ್ತೆಗೆ ಮರ ಬಿದ್ದಿತು, ಕರೆಂಟೂ ಹೋಯಿತು. ಪಕ್ಕದ ಮನೆಯಿಂದ ಇಬ್ಬರು ಬಂದರು. ಹುಟ್ಟುಹಬ್ಬದ ಹುಡುಗಿ ಹೊಸ ಲಂಗ ಹಾಕಿಕೊಂಡು ಕಿಟಕಿ ಬಿಟ್ಟು ಕದಲಲಿಲ್ಲ.

ಮೂವರ ಮುಂದೆ ನಿಂತು 30 ಜನಕ್ಕೆ ಮಾಡುವ ದನಿಯಲ್ಲಿ ಮಾತಾಡಿದರೆ ಖಾಲಿ ಕುರ್ಚಿಗಳೇ ಕಾಣುತ್ತವೆ. ಮೊದಲು ಆ ಕುರ್ಚಿಗಳನ್ನು ಒಳಗೆ ಸಾಗಿಸಿದೆ. ಅಡುಗೆಮನೆಯಲ್ಲಿ ಒಲೆಯ ಹತ್ತಿರ ಚಾಪೆ ಹಾಕಿ ನಾವೂ ಕೂತೆವು. ಮೇಣದಬತ್ತಿ ಹಚ್ಚಿ ಗೋಡೆಯ ಮೇಲೆ ಕೈ ನೆರಳಿನಲ್ಲಿ ಮೊಲ, ನಾಯಿ ಮಾಡಿದೆವು. ಬಲೂನಿಗೆ ಅವತ್ತು ಬರವಿರಲಿಲ್ಲ, ಒಬ್ಬೊಬ್ಬರಿಗೂ ಕೇಳಿದ್ದೆಲ್ಲ ಮಾಡಿಕೊಟ್ಟೆ. ಅಜ್ಜಿ ಮದ್ದು ಸೊಪ್ಪಿನ ನೇರಳೆ ಬಣ್ಣದ ಪಾಯಸ ಬಡಿಸಿದರು. ಮೂವರೂ ನೇರಳೆ ನಾಲಿಗೆ ಚಾಚಿ ತೋರಿಸಿಕೊಂಡು ನಕ್ಕರು.

ಆಮೇಲೆ ಹುಡುಗಿಗೆ ಒಂದು ಆಟ ಕಲಿಸಿದೆ. ಮನೆಯಲ್ಲಿ ರಬ್ಬರ್ ಬ್ಯಾಂಡ್ ಇದ್ದರೆ ನೀವೂ ಮಾಡಿ. ತೋರುಬೆರಳು, ನಡುಬೆರಳು, ಇವೆರಡರ ಬುಡಕ್ಕೆ ಬ್ಯಾಂಡ್ ಹಾಕಿ. ಅಂಗೈ ಕಡೆಯಿಂದ ಅದನ್ನು ಎಳೆದು ಹಿಡಿದು, ಮುಷ್ಟಿ ಕಟ್ಟುವಾಗ ನಾಲ್ಕೂ ಬೆರಳ ತುದಿ ಅದರೊಳಗೆ ತೂರಿಸಿ. ಮುಷ್ಟಿಯ ಹೊರಗಿನಿಂದ ನೋಡುವವರಿಗೆ ಬ್ಯಾಂಡ್ ಎರಡು ಬೆರಳಲ್ಲೇ ಇದೆ. ಈಗ ಬೆರಳು ಬಿಚ್ಚಿ. ಬ್ಯಾಂಡ್ ಹಾರಿ ಉಂಗುರದ ಬೆರಳು, ಕಿರುಬೆರಳಿಗೆ ಹೋಗಿ ಕೂರುತ್ತದೆ. ಅವಳಿಗೆ ಆರನೇ ಸಲಕ್ಕೆ ಬಂತು. 30 ಮಕ್ಕಳಿದ್ದರೆ ಒಬ್ಬಳಿಗೆ ಆರು ಸಲ ಹೇಳಿಕೊಡಲು ನನಗೆಲ್ಲಿ ಪುರುಸೊತ್ತು?

ಮರ ಕಡಿದು ರಸ್ತೆ ಬಿಟ್ಟಾಗ ಕತ್ತಲಾಗಿತ್ತು. ಹೊರಡುವಾಗ ಅವಳ ಅಪ್ಪ ಕವರು ಕೈಗಿಟ್ಟು, "ಮೂರು ಮಕ್ಕಳಿಗೋಸ್ಕರ ಇಷ್ಟು ದೂರ ಬರುವ ಹಾಗಾಯಿತು" ಅಂದರು. ನಾನು ಅಡುಗೆಮನೆಯ ಕಡೆ ಕೈ ತೋರಿಸಿದೆ. ಅಲ್ಲಿ ಅವಳು ಅಜ್ಜಿಯ ಮುಂದೆ ಮುಷ್ಟಿ ಹಿಡಿದು ಕೂತಿದ್ದಳು. "ಅಜ್ಜಿ, ಊದಿ" ಅನ್ನುತ್ತಿದ್ದಳು. ಅಜ್ಜಿ ಊದಿದರು.

ನಮಸ್ಕಾರ.