ಬಿಳಿ ಕೋಟು ಹಾಕಿ ಮೊಬೈಲ್‌ನಲ್ಲಿ ಮಾತಾಡುವವರಿಗೆ

ಕೇಳುಗರೆಲ್ಲರಿಗೂ ನಮಸ್ಕಾರ.

2025ರ ಜೂನ್, ಜುಲೈ ತಿಂಗಳನ್ನು ಹಾಸನದವರು ಯಾರೂ ಮರೆಯುವ ಹಾಗಿಲ್ಲ. ಸುಮಾರು 40 ದಿನದಲ್ಲಿ ಜಿಲ್ಲೆಯ 20ಕ್ಕೂ ಹೆಚ್ಚು ಜನ ಹೃದಯಾಘಾತದಿಂದ ತೀರಿಕೊಂಡರು ಎಂಬ ಸುದ್ದಿ. ಅದರಲ್ಲಿ ಚಿಕ್ಕ ವಯಸ್ಸಿನವರೂ ಇದ್ದರು. ಎಡಗೈ ಸ್ವಲ್ಪ ಜುಮ್ಮೆಂದರೂ ಜನ ಬೆಚ್ಚಿಬೀಳುತ್ತಿದ್ದರು. ಮೈಸೂರು, ಬೆಂಗಳೂರಿನ ಜಯದೇವ ಹೃದ್ರೋಗ ಆಸ್ಪತ್ರೆಗಳ ಮುಂದೆ ತಪಾಸಣೆಗೆ ಉದ್ದುದ್ದ ಸಾಲು.

ಆ ಹೊತ್ತಿಗೆ ನಮ್ಮ ಮೊಬೈಲ್‌ಗೆ ಏನೇನು ಬಂತು, ನೆನಪಿದೆ ಅಲ್ವಾ? ಕೋವಿಡ್ ಲಸಿಕೆಯೇ ಕಾರಣ ಅಂತ ಒಂದು ವಿಡಿಯೋ. ಅಡುಗೆ ಎಣ್ಣೆಯೇ ಕಾರಣ ಅಂತ ಇನ್ನೊಂದು. ಮಾತಾಡಿದ ಎಷ್ಟೋ ಜನರ ಕೊರಳಲ್ಲಿ ಸ್ಟೆತಾಸ್ಕೋಪ್ ಇತ್ತು. ಅದನ್ನು ನೋಡಿಯೇ ನಾವು ನಂಬಿದೆವು.

ಆಮೇಲೆ ಜಯದೇವ ಸಂಸ್ಥೆಯ ತಜ್ಞರು ಸರ್ಕಾರಕ್ಕೆ ವರದಿ ಕೊಟ್ಟರು. 24 ಸಾವುಗಳನ್ನು ಒಂದೊಂದಾಗಿ ನೋಡಿದ್ದರು. ಅದರಲ್ಲಿ 4 ಸಾವಿಗೆ ಹೃದಯ ಕಾರಣವೇ ಅಲ್ಲ. ಉಳಿದವರಲ್ಲಿ ಹೆಚ್ಚಿನವರಿಗೆ ಬಿಪಿ, ಸಕ್ಕರೆ ಕಾಯಿಲೆ, ಧೂಮಪಾನ, ಬೊಜ್ಜು ಇಂಥ ಹಳೆಯ ಕಾರಣಗಳೇ ಇದ್ದವು. ಹಾಸನದಲ್ಲಿ ಹೃದಯಾಘಾತ ದಿಢೀರಂತ ಜಾಸ್ತಿಯಾಗಿಲ್ಲ ಎಂದರು. ಆದರೆ ವರದಿ ಬರುವ ಹೊತ್ತಿಗೆ ವಿಡಿಯೋಗಳು ಊರೂರು ಸುತ್ತಿ ಬಂದಿದ್ದವು.

ಆ ದಿನಗಳಲ್ಲಿ ಒಂದು ಮೆಡಿಕಲ್ ಅಂಗಡಿಯಲ್ಲಿ ನಾನು ಕಂಡದ್ದನ್ನು ಹೇಳುತ್ತೇನೆ. ಹಳ್ಳಿಯಿಂದ ಬಂದ ಹಿರಿಯರೊಬ್ಬರು ಮೊಬೈಲ್ ಮುಂದೆ ಹಿಡಿದರು. ವಿಡಿಯೋ ಅರ್ಧಕ್ಕೆ ನಿಂತಿತ್ತು. "ಈ ಡಾಕ್ಟ್ರು ದಿನಾ ಒಂದು ಆಸ್ಪಿರಿನ್ ತಗೊಳ್ಳಿ ಅಂದವ್ರೆ, ಎರಡು ಪಟ್ಟಿ ಕೊಡಪ್ಪ" ಅಂದರು. ಅಂಗಡಿಯವರು ಪಟ್ಟಿ ತೆಗೆಯಲಿಲ್ಲ. "ಹೊಟ್ಟೆ ಹುಣ್ಣು ಏನಾದರೂ ಇತ್ತಾ?" ಅಂತ ಕೇಳಿದರು. "ಹೋದ ವರ್ಷ ಇತ್ತು, ಆಸ್ಪತ್ರೆಗೆ ಸೇರಿದ್ದೆ" ಅಂದರು ಹಿರಿಯರು. ಆಸ್ಪಿರಿನ್ ರಕ್ತ ಹೆಪ್ಪುಗಟ್ಟದಂತೆ ತಡೆಯುವ ಮಾತ್ರೆ. ಅಂಥವರು ಯಾರನ್ನೂ ಕೇಳದೆ ದಿನಾ ಅದನ್ನು ನುಂಗಿದರೆ ಹೊಟ್ಟೆಯೊಳಗೆ ರಕ್ತ ಸೋರಬಹುದು. ಎದುರಿಗೆ ಕೂತ ಡಾಕ್ಟರ್ ಮೊದಲು ಕೇಳುವ ಪ್ರಶ್ನೆಯೇ ಅದು. ವಿಡಿಯೋದಲ್ಲಿರುವವರು ಅದನ್ನು ಕೇಳಲಾರರು. ಅವರ ಮುಂದೆ ರೋಗಿಯೇ ಇಲ್ಲ.

ಹಾಗಾದರೆ ಡಾಕ್ಟರು ಬಾಯಿ ಮುಚ್ಚಿಕೊಂಡು ಇರಬೇಕಾ? ಖಂಡಿತ ಬೇಡ. ಆಗ ಸುಳ್ಳು ಹೇಳುವವರು ಮಾತ್ರ ಉಳಿಯುತ್ತಾರೆ. ನಮ್ಮಲ್ಲಿರುವ ನಿಯಮವೂ ಬಾಯಿ ಮುಚ್ಚಿ ಅನ್ನುವುದಿಲ್ಲ. ವೈದ್ಯರ ನಡತೆ ಬಗ್ಗೆ 2002ರಲ್ಲಿ ಮಾಡಿದ ನಿಯಮಾವಳಿಯೇ ಇವತ್ತಿಗೂ ಜಾರಿಯಲ್ಲಿದೆ. ಜನರ ಆರೋಗ್ಯದ ಬಗ್ಗೆ ವೈದ್ಯರು ತಮ್ಮ ಹೆಸರಿನಲ್ಲಿ ಪತ್ರಿಕೆಗೆ ಬರೆಯಬಹುದು, ರೇಡಿಯೋದಲ್ಲಿ, ಟಿವಿಯಲ್ಲಿ, ಇಂಟರ್ನೆಟ್ ಚಾಟ್‌ನಲ್ಲಿ ಮಾತಾಡಬಹುದು ಎಂದು ಅದರಲ್ಲೇ ಇದೆ. ಆದರೆ ಆ ಮಾತು ತಮ್ಮ ಪ್ರಚಾರಕ್ಕೆ, ರೋಗಿಗಳನ್ನು ಕರೆಯೋದಕ್ಕೆ ಆಗಬಾರದು. ಒಳ್ಳೆಯ ನಿಯಮವೇ. ಆದರೆ ಅದನ್ನು ಬರೆದಾಗ ಯೂಟ್ಯೂಬ್, ವಾಟ್ಸಾಪ್, ಇನ್‌ಸ್ಟಾಗ್ರಾಂ ಯಾವುದೂ ಹುಟ್ಟಿರಲಿಲ್ಲ.

ಈ ಕೊರತೆ ತುಂಬಲು, ದೇಶದ ವೈದ್ಯರಿಗೆ ನಿಯಮ ಮಾಡುವ ರಾಷ್ಟ್ರೀಯ ವೈದ್ಯಕೀಯ ಆಯೋಗ 2023ರ ಆಗಸ್ಟ್‌ನಲ್ಲಿ ಹೊಸ ನಿಯಮ ತಂದಿತ್ತು. ಸಾಮಾಜಿಕ ಜಾಲತಾಣಕ್ಕೆಂದೇ ಅದರಲ್ಲಿ ಒಂದು ಭಾಗ ಇತ್ತು. ಹೇಳುವ ಮಾತು ನಿಜವಾಗಿರಬೇಕು, ಪರಿಶೀಲಿಸಲು ಬರುವಂತಿರಬೇಕು. ಎಲ್ಲರೂ ನೋಡುವ ಕಡೆ ಔಷಧಿ ಬರೆದುಕೊಡಬಾರದು. ರೋಗಿಯ ಫೋಟೋ, ಸ್ಕ್ಯಾನ್ ಹಾಕಬಾರದು. ದುಡ್ಡು ಕೊಟ್ಟು ಲೈಕ್, ಫಾಲೋವರ್ ಕೊಳ್ಳಬಾರದು. ಇದರಲ್ಲಿ ತಪ್ಪೇನಿದೆ ಹೇಳಿ? ಆದರೆ ಅದೇ ನಿಯಮಾವಳಿಯಲ್ಲಿ ಜನರಿಕ್ ಹೆಸರಿನಲ್ಲೇ, ಅಂದರೆ ಕಂಪನಿ ಇಟ್ಟ ಬ್ರ್ಯಾಂಡ್ ಹೆಸರು ಬಿಟ್ಟು ಔಷಧಿಯ ಮೂಲ ಹೆಸರಿನಲ್ಲೇ, ಚೀಟಿ ಬರೆಯಬೇಕು ಅಂತಲೂ ಇತ್ತು. ವೈದ್ಯರ ಸಂಘಗಳು ಅದಕ್ಕೆ ಜೋರಾಗಿ ವಿರೋಧಿಸಿದವು. ಆ ತಿಂಗಳು ಮುಗಿಯುವ ಮೊದಲೇ ಇಡೀ ನಿಯಮಾವಳಿಯನ್ನು ತಡೆಹಿಡಿದರು. ಜನರಿಕ್ ಜಗಳದಲ್ಲಿ ಜಾಲತಾಣದ ಭಾಗವೂ ಕೊಚ್ಚಿಹೋಯಿತು. ಇದು ನನಗೆ ನಿಜವಾಗಿ ಬೇಸರ ತಂದ ವಿಷಯ.

ಜನರಿಕ್ ವಿಚಾರ ಬೇಕಾದರೆ ಬೇರೆಯಾಗಿ ಚರ್ಚೆಯಾಗಲಿ. ಜಾಲತಾಣದ ಭಾಗವನ್ನು ಮಾತ್ರ ಬಿಡಿಸಿ ತಂದು ಜಾರಿ ಮಾಡಲಿ. ಜೊತೆಗೆ ಇನ್ನೊಂದು ಮಾತು ಸೇರಲಿ. ಡಾಕ್ಟರ್ ಬರೆಯುವ ಚೀಟಿಯಲ್ಲಿ ನೋಂದಣಿ ಸಂಖ್ಯೆ ಇರಲೇಬೇಕು ಅಂತ 2002ರ ನಿಯಮವೇ ಹೇಳುತ್ತದೆ. ಚೀಟಿ ತಲುಪುವುದು ಒಬ್ಬರಿಗೆ, ವಿಡಿಯೋ ತಲುಪುವುದು ಲಕ್ಷ ಜನಕ್ಕೆ. ಅಲ್ಲೂ ಆ ಸಂಖ್ಯೆ ಕಾಣಲಿ. ಯಾವುದಾದರೂ ಕಂಪನಿ ದುಡ್ಡು ಕೊಟ್ಟಿದ್ದರೆ ಅದನ್ನೂ ಬಾಯಿಬಿಟ್ಟು ಹೇಳಲಿ.

ಒಂದು ಭಯವೂ ನನಗಿದೆ. ಇಂಥ ನಿಯಮವನ್ನು ದೊಡ್ಡವರ ವಿರುದ್ಧ ಸತ್ಯ ಹೇಳುವ ವೈದ್ಯರ ಮೇಲೆಯೇ ತಿರುಗಿಸಬಹುದು. ಆಸ್ಪತ್ರೆಯಲ್ಲಿ ಔಷಧಿ ಇಲ್ಲ ಅಂತ ಹೇಳಿದವರಿಗೆ ನೋಟಿಸ್ ಹೋಗಬಾರದು. ಹೇಳಿದ್ದು ವೈದ್ಯಶಾಸ್ತ್ರದ ಪ್ರಕಾರ ಸರಿಯೋ ತಪ್ಪೋ ಅನ್ನುವುದನ್ನಷ್ಟೇ ನೋಡಬೇಕು. ನೋಡುವವರೂ ಆ ವಿಷಯ ಬಲ್ಲ ವೈದ್ಯರೇ ಆಗಿರಬೇಕು.

ಅಲ್ಲಿಯವರೆಗೆ ಸುಮ್ನೆ ಕೂರಬೇಕಾಗಿಲ್ಲ. ವಿಡಿಯೋದಲ್ಲಿ ಮಾತಾಡುವವರು ನಿಜವಾದ ಎಂಬಿಬಿಎಸ್ ವೈದ್ಯರೇನಾ ಅಂತ ಆಯೋಗದ ವೆಬ್‌ಸೈಟ್‌ನಲ್ಲಿರುವ ವೈದ್ಯರ ಪಟ್ಟಿಯಲ್ಲಿ ಹೆಸರು ಹಾಕಿ ನೋಡಬಹುದು. ಮನೆಯ ಮಕ್ಕಳಿಗೆ ಹೇಳಿದರೆ ಎರಡು ನಿಮಿಷದ ಕೆಲಸ. ನಮ್ಮ ರಾಜ್ಯದಲ್ಲಿ ನೋಂದಣಿಯಾದ ವೈದ್ಯರು ದಾರಿ ತಪ್ಪಿಸುವ ಮಾತು ಆಡಿದ್ದರೆ, ಬೆಂಗಳೂರಿನ ಕರ್ನಾಟಕ ವೈದ್ಯಕೀಯ ಪರಿಷತ್ತಿಗೆ ಲಿಖಿತ ದೂರು ಕೊಡಬಹುದು. ವಿಡಿಯೋ ಅಳಿಸಿಹೋಗುವ ಮೊದಲೇ ಅದನ್ನು ಉಳಿಸಿಟ್ಟುಕೊಳ್ಳಿ. ಹಾಕಿದ ದಿನಾಂಕ, ಅವರ ಹೆಸರು, ಆಡಿದ ಮಾತು, ಮೂರನ್ನೂ ದೂರಿನಲ್ಲಿ ಬರೆಯಿರಿ.

ನಮಸ್ಕಾರ.